ಅಳಿಸಿದ ಬೈಗುಳ ಎಲ್ಲಿಗೆ ಹೋಗುತ್ತದೆ?

ಪುಣೆಗೆ ಬಂದ ಮೊದಲ ಎರಡು ವರ್ಷ ನಾನು ಮಾಡುತ್ತಿದ್ದ ಕೆಲಸವನ್ನು ಊರಿನವರಿಗೆ ವಿವರಿಸುವುದು ಕಷ್ಟವಿತ್ತು. ರಾಣೆಬೆನ್ನೂರಿನಲ್ಲಿ ಅಪ್ಪನ ಗೆಳೆಯರು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಪಾರಾಗುತ್ತಿದ್ದೆ. ಅವ್ವ ಮಾತ್ರ ಬಿಡಲಿಲ್ಲ. “ದಿನಾ ಎಂಟು ತಾಸು ಏನ್ ಮಾಡ್ತಿ ಅಲ್ಲಿ?” ಎಂದು ಫೋನಿನಲ್ಲಿ ಕೇಳಿದಳು. “ಮಂದಿ ಬೈದಿದ್ದನ್ನ ಓದಿ ಅಳಸ್ತೀನಿ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೂ ಪಗಾರ ಕೊಡ್ತಾರ?” ಎಂದಳು.

ಕೊಡುತ್ತಿದ್ದರು. ಅದೊಂದು ಏಜೆನ್ಸಿ. ಹಲವು ಕ್ರೀಡಾ ತಂಡಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ನೋಡಿಕೊಳ್ಳುವ ಗುತ್ತಿಗೆ ಹಿಡಿದಿತ್ತು. ತಂಡದ ಹೆಸರು ಬೇಡ, ಆಟದ ಹೆಸರೂ ಬೇಡ. ಕ್ರಿಕೆಟ್ ಅಲ್ಲ ಎಂದಷ್ಟೇ ಹೇಳುತ್ತೇನೆ. ಪಂದ್ಯ ಮುಗಿದ ಮೇಲೆ ನಮ್ಮ ನಿಜವಾದ ಪಾಳಿ ಶುರು. ಮರಾಠಿಗೊಬ್ಬಳು, ತೆಲುಗಿಗೊಬ್ಬ, ಹಿಂದಿಗೆ ಇಬ್ಬರು, ಕನ್ನಡಕ್ಕೆ ನಾನು. ತಂಡ ಗೆದ್ದರೆ ರಾತ್ರಿ ಹನ್ನೊಂದಕ್ಕೆ ಮನೆ, ಸೋತರೆ ಎರಡೋ ಮೂರೋ ಗಂಟೆ. ಬಾಣೇರಿನ ಆ ಆಫೀಸಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಹಾಗಾಗಿ ದಿನದಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದ ಕನ್ನಡದಲ್ಲಿ ಹೆಚ್ಚಿನದು ಬೈಗುಳದ ಕನ್ನಡವೇ. ಪರವೂರಿನಲ್ಲಿ ತಾಯ್ನುಡಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಸಂಘದ ಸಭೆಗಳಲ್ಲಿ ಚರ್ಚೆ ನಡೆದಾಗ ನನಗೆ ಒಳಗೊಳಗೇ ನಗು ಬರುತ್ತಿತ್ತು. ನನ್ನದು ಹೀಗೆ ಉಳಿದಿತ್ತು.

ಕೆಲಸಕ್ಕೆ ಸೇರಿದ ವಾರವೇ ನನಗೆ ಒಂದು ಎಕ್ಸೆಲ್ ಹಾಳೆ ಕೊಟ್ಟು, ಕನ್ನಡದ ಬೈಗುಳಗಳನ್ನೆಲ್ಲ ಪಟ್ಟಿ ಮಾಡಲು ಹೇಳಿದರು. ಫಿಲ್ಟರಿಗೆ ಈ ಪಟ್ಟಿ ತಿನ್ನಿಸಿದರೆ ಆ ಪದವಿರುವ ಕಮೆಂಟುಗಳು ತಾವಾಗಿಯೇ ಮರೆಯಾಗುತ್ತವೆ. ಹೇಳುವಷ್ಟು ಸುಲಭವಿರಲಿಲ್ಲ. ನಮ್ಮ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಒಂದೇ ಬೈಗುಳಕ್ಕೆ ಹತ್ತು ಕಾಗುಣಿತ, ನಡುವೆ ಚುಕ್ಕಿ, ನಕ್ಷತ್ರ, ಅಂಕಿ. ಅದಕ್ಕಿಂತ ತೊಡಕಿನದು ‘ನನ್ ಮಗ’. “ಏನ್ ಆಡ್ದ ನನ್ ಮಗ!” ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅದೇ ಪದ ಸೋತ ಪಂದ್ಯದ ಫೋಟೋದ ಕೆಳಗೆ ಬಂದರೆ ಬೇರೆ. ನಮ್ಮ ಕಡೆ ಗೆಳೆಯ ಗೆಳೆಯನನ್ನು ‘ಲೇ ಮಗನ’ ಎನ್ನದೆ ಕರೆಯುವುದೇ ಕಡಿಮೆ. ಇದನ್ನು ಮೇಲಿನವರಿಗೆ ಹಿಂದಿಯಲ್ಲಿ ವಿವರಿಸಲು ಹೋಗಿ ಅರ್ಧ ಗಂಟೆ ಹಾಳಾಯಿತು. ಕೊನೆಗೆ ಅವರು, “ಸರಿ, ಅದಕ್ಕೆ ತೀವ್ರತೆ ಎಷ್ಟು ಕೊಡುತ್ತೀ? ಒಂದರಿಂದ ಐದರೊಳಗೆ ಹೇಳು” ಎಂದರು.

ಪಟ್ಟಿ ಮುಗಿಸಿ ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಆಟಗಾರನಿಗೇ ನೇರವಾಗಿ ತಗಲುವ ಬೈಗುಳ ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಅವನ ತಾಯಿಗೆ, ಅಕ್ಕನಿಗೆ, ಹೆಂಡತಿಗೆ. ಆಟ ಆಡಿದವನು ಒಬ್ಬ, ಬೈಸಿಕೊಂಡವರು ಆಟದ ಮೈದಾನವನ್ನೇ ಮೆಟ್ಟದವರು.

ಇದು ನನ್ನ ಹಾಳೆಯಲ್ಲಿ ಮಾತ್ರ ಇದ್ದ ಸಂಗತಿಯಲ್ಲ. 2021ರ ಅಕ್ಟೋಬರ್ 11ರಂದು ಶಾರ್ಜಾದಲ್ಲಿ ಆರ್‌ಸಿಬಿ ಕೋಲ್ಕತ್ತಕ್ಕೆ ಸೋತು ಹೊರಬಿತ್ತು. ಕೊಹ್ಲಿ ಪೂರ್ಣಾವಧಿ ನಾಯಕನಾಗಿ ಆಡಿದ ಕೊನೆಯ ಐಪಿಎಲ್ ಪಂದ್ಯ ಅದು. ಡಾನ್ ಕ್ರಿಶ್ಚಿಯನ್ ಎಸೆದ ಒಂದೇ ಓವರಿನಲ್ಲಿ ಸುನಿಲ್ ನರೈನ್ ಮೂರು ಸಿಕ್ಸರ್ ಹೊಡೆದಿದ್ದ. ಆ ರಾತ್ರಿ ಅಭಿಮಾನಿಗಳು ಹೋಗಿ ನಿಂತದ್ದು ಕ್ರಿಶ್ಚಿಯನ್‌ನ ಗರ್ಭಿಣಿ ಸಂಗಾತಿಯ ಇನ್‌ಸ್ಟಾಗ್ರಾಂ ಬಾಗಿಲಿಗೆ. ಆಕೆಯನ್ನು ಇದರಿಂದ ಹೊರಗಿಡಿ ಎಂದು ಆತ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಬೈದವರು ಎದುರಾಳಿ ತಂಡದವರಲ್ಲ, ನಮ್ಮವರು. 2023ರ ಮೇ 21ರಂದು ಚಿನ್ನಸ್ವಾಮಿಯಲ್ಲಿ ಕೊಹ್ಲಿಯ ಶತಕಕ್ಕೆ ಶುಭಮನ್ ಗಿಲ್ ಶತಕದಿಂದಲೇ ಉತ್ತರ ಕೊಟ್ಟಾಗಲೂ ಅಷ್ಟೇ. ಆರ್‌ಸಿಬಿ ಮನೆಗೆ ಹೋಯಿತು, ಬೈಗುಳ ಗಿಲ್‌ನ ಸಹೋದರಿಯ ಖಾತೆಗೆ ಹೋಯಿತು. ದೆಹಲಿ ಮಹಿಳಾ ಆಯೋಗ ಮಧ್ಯೆ ಬರುವಷ್ಟರ ಮಟ್ಟಿಗೆ. ಆ ವಾರ ನನ್ನ ಮರಾಠಿ ಸಹೋದ್ಯೋಗಿ ಗಿಲ್ ವಿಷಯದ ಸ್ಕ್ರೀನ್‌ಶಾಟುಗಳನ್ನು ನನಗೆ ತೋರಿಸಿ, “ಇದರಲ್ಲಿ ನಿಮ್ಮ ಭಾಷೆ ಯಾವುದು?” ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ.

ಇದನ್ನೆಲ್ಲ ಫೋನ್ ಕಲಿಸಿತು ಎಂದು ಹೇಳುವವರಿಗೆ ನಾನು ವಂದನಾ ಕಟಾರಿಯಾ ಹೆಸರು ಹೇಳುತ್ತೇನೆ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹ್ಯಾಟ್ರಿಕ್ ಗೋಲು ಹೊಡೆದವಳು ಆಕೆ. ಒಲಿಂಪಿಕ್ಸ್‌ನಲ್ಲಿ ಹಾಗೆ ಹೊಡೆದ ಮೊದಲ ಭಾರತೀಯ ಮಹಿಳೆ. ಕೆಲವೇ ದಿನಗಳ ನಂತರ, ಆಗಸ್ಟ್ 4ರಂದು, ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತಿತು. ಹರಿದ್ವಾರದ ಬಳಿ ಆಕೆಯ ಮನೆಯ ಮುಂದೆ ಕೆಲವರು ಪಟಾಕಿ ಹೊಡೆದು ಕುಣಿದು, ಜಾತಿ ಹಿಡಿದು ಬೈದರು ಎಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಅಲ್ಲಿ ಆ್ಯಪ್ ಇರಲಿಲ್ಲ, ಅಡ್ಮಿನ್ನೂ ಇರಲಿಲ್ಲ. ಅಂಗಳ ಇತ್ತು.

ಅಂಗಳ ಎಂದಾಗ ಜಾನ್ ಸ್ಟುವರ್ಟ್ ಮಿಲ್ ನೆನಪಾಗುತ್ತಾನೆ. ವಾಕ್ ಸ್ವಾತಂತ್ರ್ಯದ ವಿಚಾರಕ್ಕೆ ಎಲ್ಲರೂ ಅವನನ್ನು ಕರೆತರುತ್ತಾರೆ. ಆದರೆ ಅವನ 1859ರ ‘ಆನ್ ಲಿಬರ್ಟಿ’ಯಲ್ಲಿ ಕಾಳು ವ್ಯಾಪಾರಿಯ ಉದಾಹರಣೆ ಒಂದಿದೆ. ಕಾಳು ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆ ಎಂದು ಪತ್ರಿಕೆಯಲ್ಲಿ ಬರೆಯಲು ಅಡ್ಡಿಯಿಲ್ಲ. ಅದೇ ಮಾತನ್ನು ವ್ಯಾಪಾರಿಯ ಮನೆಯ ಮುಂದೆ ಸೇರಿದ ರೊಚ್ಚಿಗೆದ್ದ ಗುಂಪಿಗೆ ಹೇಳಿದರೆ ಶಿಕ್ಷೆಯಾಗಬಹುದು ಎನ್ನುತ್ತಾನೆ. ಮಾತು ಅದೇ, ನಿಂತ ಜಾಗ ಬೇರೆ. ಚಹಾದಂಗಡಿಯಲ್ಲಿ ಕೂತು ಸೋತ ತಂಡವನ್ನು ಹಿಗ್ಗಾಮುಗ್ಗಾ ಬೈಯುವವನ ಬಾಯಿ ಮುಚ್ಚಿಸುವ ಹಕ್ಕು ಯಾರಿಗೂ ಇಲ್ಲ, ಇರಬಾರದು. ಅದೂ ಆಟದ ಒಂದು ಭಾಗವೇ. ಆದರೆ ಆಟಗಾರನ ಹೆಸರಿಗೆ ಟ್ಯಾಗ್ ಹಾಕಿ, ಸಾವಿರಾರು ಜನ ಸೇರಿದ ಕಡೆ ಅದನ್ನೇ ಬರೆದರೆ ಅವನು ಮನೆಯ ಮುಂದೆ ನಿಂತ ಹಾಗೆ. ನಾನು ಇಷ್ಟರ ಮಟ್ಟಿಗೆ ನನ್ನ ಕೆಲಸವನ್ನು ಸಮರ್ಥಿಸಿಕೊಂಡಿದ್ದೆ. ಅಂಗಳ ಗುಡಿಸುವವನು ನಾನು ಎಂದು.

ಗುಡಿಸುತ್ತಿದ್ದ ಬಗೆ ಮಾತ್ರ ನನ್ನನ್ನು ಕಾಡತೊಡಗಿತು.

ಕಮೆಂಟನ್ನು ಅಳಿಸಬಹುದು, ಇಲ್ಲವೇ ಮರೆಮಾಡಬಹುದು. ಅಳಿಸಿದರೆ ಬರೆದವನಿಗೆ ಗೊತ್ತಾಗುತ್ತದೆ. ಸ್ಕ್ರೀನ್‌ಶಾಟ್ ಹಿಡಿದು, ಹತ್ತು ಗೆಳೆಯರನ್ನು ಕಟ್ಟಿಕೊಂಡು ಮರಳಿ ಬರುತ್ತಾನೆ. ಮರೆಮಾಡಿದರೆ ಉಳಿದವರಿಗೆ ಕಾಣುವುದಿಲ್ಲ, ಬರೆದವನಿಗೆ ಮಾತ್ರ ಕಾಣುತ್ತಲೇ ಇರುತ್ತದೆ. ಫೇಸ್‌ಬುಕ್‌ನಲ್ಲಾದರೆ ಅವನ ಸ್ನೇಹಿತರಿಗೂ. ತಾನು ಹೇಳಬೇಕಾದ್ದನ್ನು ಹೇಳಿ ಮುಗಿಸಿದೆ ಎಂದು ಅವನು ನೆಮ್ಮದಿಯಿಂದ ಮಲಗುತ್ತಾನೆ. ಏಜೆನ್ಸಿಯ ನಿಯಮ ಸರಳವಾಗಿತ್ತು: ಅಳಿಸಬೇಡಿ, ಮರೆಮಾಡಿ. ಕೆಲಸ ಸಾಗಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ಈಗಲೂ ಒಪ್ಪುತ್ತೇನೆ.

ಆದರೂ ಇದು ಸುಳ್ಳು. ಮಾತಿಲ್ಲದೆ ಹೇಳಿದ ಸುಳ್ಳು. ನಮ್ಮ ಓಣಿಯಲ್ಲಿ ಒಬ್ಬರು ಕುಡಿದು ಬಂದ ರಾತ್ರಿ ಬೀದಿಯಲ್ಲಿ ನಿಂತು ಎಲ್ಲರನ್ನೂ ಬೈಯುತ್ತಿದ್ದರು. ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ, ಕೇಳಿಸದವರಂತೆ ಇರುತ್ತಿದ್ದರು. ಅದೂ ಒಂದು ಬಗೆಯ ಮರೆಮಾಡುವಿಕೆಯೇ. ಆದರೆ ಬೆಳಿಗ್ಗೆ ಅವರು ಅದೇ ನಲ್ಲಿಗೆ ನೀರಿಗೆ ಬರಬೇಕಿತ್ತು. ಕೊಡ ಹಿಡಿದು ನಿಂತವರ ಮುಖ ನೋಡಬೇಕಿತ್ತು. ಯಾರೂ ಏನೂ ಹೇಳದಿದ್ದರೂ ತಲೆ ತಗ್ಗುತ್ತಿತ್ತು. ನಾವು ಮರೆಮಾಡಿದ ಹುಡುಗನಿಗೆ ಆ ನಲ್ಲಿಯೇ ಇಲ್ಲ. ಅವನಿಗೆ ನಾಚಿಕೆಯಾಗುವ ಅವಕಾಶವನ್ನೇ ನಾವು ಕಿತ್ತುಕೊಂಡಿದ್ದೇವೆ ಎಂದು ನನಗನಿಸತೊಡಗಿತು.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಮರಾಠಿ ಸಹೋದ್ಯೋಗಿ ಚಮಚ ಕೆಳಗಿಟ್ಟಳು. ಹಿಂದಿನ ತಿಂಗಳು ಒಂದು ಮಹಿಳಾ ತಂಡದ ಫೋಟೋದ ಕೆಳಗೆ ಬಂದದ್ದನ್ನು ಓದಿ ಅವಳು ಎರಡು ದಿನ ರಜೆ ಹಾಕಿದ್ದಳು. “ಅವನ ನಾಚಿಕೆಯ ಬಗ್ಗೆ ನಿನಗೆ ಇಷ್ಟು ಕಾಳಜಿ, ಯಾಕೆಂದರೆ ಅವನು ನಿನ್ನ ಬಗ್ಗೆ ಬರೆದಿಲ್ಲ” ಎಂದಳು. ಉತ್ತರ ಹೊಳೆಯಲಿಲ್ಲ. ಹೌದು, ನಾನು ಗಂಡಸು. ನನ್ನ ಜಾತಿಯ ಹೆಸರು ಯಾರ ಬಾಯಲ್ಲೂ ಬೈಗುಳವಲ್ಲ. ಅತ್ಯಾಚಾರದ ಬೆದರಿಕೆ ಹಾಕಿದವನ ಜೊತೆ, ಜಾತಿ ಹಿಡಿದು ಬೈದವನ ಜೊತೆ ಸಂವಾದಕ್ಕೆ ಕೂರಬೇಕು ಎಂದು ನಾನೂ ಹೇಳಲಾರೆ. ಅಂಥದ್ದನ್ನು ಸ್ಕ್ರೀನ್‌ಶಾಟ್ ಹಿಡಿದಿಟ್ಟು, ತೆಗೆದುಹಾಕಿ, ಪೊಲೀಸರಿಗೆ ಕೊಡಬೇಕು. ಅವಳ ಮಾತಿನ ನಂತರ ನನ್ನ ಪ್ರಶ್ನೆ ಚಿಕ್ಕದಾಯಿತು, ಹೋಗಲಿಲ್ಲ. ಉಳಿದವರ ಗತಿಯೇನು? ಬೆದರಿಕೆಯನ್ನೂ ಹಾಕದ, ಬರೀ ಸಿಟ್ಟಿನಲ್ಲಿ ಕೊಳಕು ಮಾತಾಡಿದ ನೂರಾರು ಜನರ ಗತಿ?

ಇನ್ನೊಂದು ಸಂಗತಿ ಹೇಳದಿದ್ದರೆ ಅಪ್ರಾಮಾಣಿಕವಾಗುತ್ತದೆ. ನನ್ನ ಪಟ್ಟಿಗೆ ತಂಡದ ಕಡೆಯಿಂದಲೂ ಕೆಲವು ಪದ ಸೇರಿದವು: ಮಾಲೀಕರ ಹೆಸರು, ‘ಟಿಕೆಟ್ ದರ’, ‘ರೀಫಂಡ್’. ಇವು ಬೈಗುಳ ಹೇಗಾಗುತ್ತವೆ ಎಂದು ನಾನು ಕೇಳಲಿಲ್ಲ, ಸೇರಿಸಿದೆ. ಹಳೆಯ ಅಭಿಮಾನಿಯೊಬ್ಬರು ಪ್ರತಿ ಪಂದ್ಯದ ನಂತರ ಉದ್ದವಾಗಿ ಬರೆಯುತ್ತಿದ್ದರು. ಯಾರನ್ನು ಯಾವಾಗ ಕೂರಿಸಬೇಕಿತ್ತು, ಎಲ್ಲಿ ತಪ್ಪಿತು ಎಂದು. ಒಮ್ಮೆ ಟಿಕೆಟ್ ದರ ಏರಿಸಿ ಮುರಿದ ಕುರ್ಚಿ ಕೊಟ್ಟಿದ್ದಕ್ಕೆ ಖಾರವಾಗಿ ಬರೆದರು. ಅಂದಿನಿಂದ ಅವರ ಖಾತೆಯನ್ನೇ ನಿರ್ಬಂಧಿಸಲು ಹೇಳಿದರು. ಅವರು ಮತ್ತೂ ಹಲವು ವಾರ ಬರೆದರು. ಯಾರಿಗೂ ಕಾಣದ ಗೋಡೆಯ ಮೇಲೆ, ಅಷ್ಟೇ ಉದ್ದವಾಗಿ, ಅಷ್ಟೇ ಶ್ರದ್ಧೆಯಿಂದ. ಯಾಕೆ ಈಚೆಗೆ ಯಾರೂ ಉತ್ತರಿಸುತ್ತಿಲ್ಲ ಎಂದು ಒಮ್ಮೆ ಕೇಳಿದರು ಕೂಡ. ಅದನ್ನೂ ನಾನೊಬ್ಬನೇ ಓದಿದೆ. ‘ತೀರಾ ಆಕ್ಷೇಪಾರ್ಹ’ ಎಂಬಂಥ ಪದಗಳು ಅಸ್ಪಷ್ಟ ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ಸರ್ಕಾರದ ಕೈಯಲ್ಲಿ ಅಂಥ ಪದ ಇರಬಾರದು ಎಂದು ನಾವೆಲ್ಲ ಸಂತೋಷಪಟ್ಟೆವು. ನನ್ನ ಕೈಯಲ್ಲಿದ್ದ ಗುಂಡಿಗೆ ಯಾವ ಕೋರ್ಟೂ ಇರಲಿಲ್ಲ. ಬೈಗುಳಕ್ಕೂ ದೂರಿಗೂ ಒತ್ತುವುದು ಅದೇ ಗುಂಡಿ. ಬರೆದವನಿಗೆ ಕಾರಣ ಹೇಳಲೇಬೇಕು ಎಂಬ ನಿಯಮವಿದ್ದಿದ್ದರೆ, ಆ ಹಿರಿಯರಿಗೆ ನಾನು ಯಾವ ಕಾರಣ ಬರೆಯುತ್ತಿದ್ದೆ?

ಈಗ ಕುಳ್ಳಿನ ವಿಷಯ.

ತಂಡದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನಿದ್ದ, ಉತ್ತರದ ಕಡೆಯವನು. ಋತು ಶುರುವಾಗುವ ಮೊದಲು ಅವನ ಊರಿಗೆ ಹೋಗಿ ನಮ್ಮ ಏಜೆನ್ಸಿ ಒಂದು ವಿಡಿಯೊ ಮಾಡಿತ್ತು. ಡ್ರೋನ್‌ನಿಂದ ತೆಗೆದ ಹೊಲ, ಮಣ್ಣಿನ ಗೋಡೆ, ಗೋಡೆಗೆ ಬೆರಣಿ ತಟ್ಟುತ್ತಿರುವ ತಾಯಿ, ಹಿನ್ನೆಲೆಯಲ್ಲಿ ಕೊಳಲು. ಬಡತನವನ್ನು ಎಷ್ಟು ಚೆನ್ನಾಗಿ ತೋರಿಸಿದ್ದೇವೆ ಎಂದು ಪ್ರಾಯೋಜಕರು ಮೆಚ್ಚಿದ್ದರು. ನಂತರ ಒಂದು ಪಂದ್ಯದ ಕೊನೆಯ ಕ್ಷಣದಲ್ಲಿ ಈ ಹುಡುಗ ಎಡವಿದ, ತಂಡ ಸೋತಿತು. ಆ ರಾತ್ರಿ ಬಂದ ನೂರಾರು ಕಮೆಂಟುಗಳ ನಡುವೆ ಇದೊಂದು:

“ತಮ್ಮಾ, ಆಟ ನಿಂದಲ್ಲ. ಊರಿಗೆ ಹೋಗಿ ನಿಮ್ಮವ್ವನ ಜೋಡಿ ಕುಳ್ಳು ಬಡಿ. ಅದರಾಗರ ಗುರಿ ತಪ್ಪಂಗಿಲ್ಲ.”

ನಾನು ಜೋರಾಗಿ ನಕ್ಕೆ. ರಾತ್ರಿ ಒಂದೂವರೆ ಗಂಟೆ, ಪಕ್ಕದವರು ತಿರುಗಿ ನೋಡಿದರು. ಬೆರಣಿಗೆ ನಮ್ಮ ಕಡೆ ಕುಳ್ಳು ಎನ್ನುತ್ತಾರೆ. ಆ ಪದ ಕೇಳಿ ಎಷ್ಟು ವರ್ಷವಾಗಿತ್ತೋ. ಹಿತ್ತಲ ಗೋಡೆಯ ಮೇಲೆ ಅಜ್ಜಿಯ ಐದು ಬೆರಳಿನ ಗುರುತು ಸಹಿತ ಒಣಗುತ್ತಿದ್ದ ಕುಳ್ಳು, ಮಳೆ ಬಂದರೆ ಓಡಿ ಹೋಗಿ ಆರಿಸಿ ಒಳಗಿಡುತ್ತಿದ್ದದ್ದು, ಎಲ್ಲ ಒಮ್ಮೆಗೇ ನೆನಪಾಯಿತು. ಅದರಲ್ಲಿ ಒಂದೂ ಕೆಟ್ಟ ಪದವಿಲ್ಲ. ನನ್ನ ಪಟ್ಟಿಯ ಯಾವ ಸಾಲಿಗೂ ಅದು ಸಿಕ್ಕದು. ಬಿಟ್ಟೆ. ನಿಜ ಹೇಳಬೇಕೆಂದರೆ, ನನ್ನ ಕಡೆಯ ಕನ್ನಡ ಒಂದು ಸಾಲು ಆ ಗೋಡೆಯ ಮೇಲೆ ಇರಲಿ ಎಂಬ ಆಸೆಗೆ ಬಿಟ್ಟೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹುಡುಗನ ಸಂದೇಶ ಬಂತು. ಅಷ್ಟರಲ್ಲಿ ಆ ಕಮೆಂಟಿಗೆ ಲೈಕುಗಳ ರಾಶಿ. “ಭಯ್ಯಾ, ಇದರಲ್ಲಿ ಏನು ಬರೆದಿದ್ದಾರೆ? ಎಲ್ಲರೂ ನಗುತ್ತಿದ್ದಾರೆ” ಎಂದು ಹಿಂದಿಯಲ್ಲಿ ಕೇಳಿದ. ಅನುವಾದದ ಗುಂಡಿ ಒತ್ತಿ ನೋಡಿದ್ದನಂತೆ. ಅದು ‘ಕುಳ್ಳು’ವನ್ನು ಹಿಮಾಚಲದ ಕುಲು ಎಂದು ತಿಳಿದುಕೊಂಡಿತ್ತು. “ತಾಯಿಯ ಜೊತೆ ಕುಲುವಿಗೆ ಹೋಗು ಅಂತಾನಾ?” ಎಂದ.

ಫೋನ್ ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಬರೆದೆ: “ಊರಿಗೆ ಹೋಗಿ ಅಮ್ಮನ ಕೈಯೂಟ ಮಾಡಿಕೊಂಡು ಬಾ, ಆಮೇಲೆ ಗುರಿ ತಪ್ಪುವುದಿಲ್ಲ ಅಂತ ಬರೆದಿದ್ದಾರೆ.”

ಅವನು ಸಂತೋಷಪಟ್ಟ. ನಾನು ಅದನ್ನು ಎಣಿಸಿರಲಿಲ್ಲ. ನೇರವಾಗಿ ಹೋಗಿ ಆ ಕಮೆಂಟಿಗೆ ಹೃದಯದ ಗುರುತು ಒತ್ತಿ, ಕೆಳಗೆ ಧನ್ಯವಾದ ಎಂದು ಬರೆದು ಕೈಮುಗಿದ. ಹತ್ತೇ ನಿಮಿಷ. “ಪಾಪ, ತಿಳಿದಿಲ್ಲ ಅವನಿಗೆ” ಎಂದೊಬ್ಬ, ನಗುವ ಮುಖಗಳ ಸಾಲು, ಇನ್ನೊಬ್ಬ ಬೆರಣಿಯ ಚಿತ್ರವನ್ನೇ ತಂದು ಹಾಕಿದ. ನಾನು ಎಲ್ಲವನ್ನೂ ಬುಡಸಮೇತ ಅಳಿಸಿದೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಬೇರೆ ಕಡೆ ಹೋಗಿ ಕೂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ; ಅಳಿಸುವ ಗುಂಡಿ ಬಂದ ಮೇಲೂ ಆ ಗಾದೆಗೆ ಏನೂ ಆಗಿಲ್ಲ.

ಸಂಜೆ ತಂಡದ ಕನ್ನಡದ ಹುಡುಗ ಯಾರೋ ಅವನಿಗೆ ಅರ್ಥ ಹೇಳಿದ್ದಾರೆ. ಅವನು ನನ್ನನ್ನು ಏನೂ ಕೇಳಲಿಲ್ಲ. ವಾರದ ನಂತರ ಒಂದು ಫೋಟೋ ಹಾಕಲು ಒಪ್ಪಿಗೆ ಕೇಳಿದಾಗ “ಜೀ ಸರ್” ಎಂದು ಉತ್ತರಿಸಿದ. ಭಯ್ಯಾ ಹೋಗಿ ಸರ್ ಆಗಿದ್ದೆ.

ನನ್ನ ತಪ್ಪು ಯಾವುದು ಎಂದು ಬಹಳ ಸಲ ಯೋಚಿಸಿದ್ದೇನೆ. ಕಮೆಂಟನ್ನು ಬಿಟ್ಟದ್ದು ಒಂದು. ಆದರೆ ಹೆಚ್ಚು ನೋವು ಕೊಟ್ಟದ್ದು ಸುಳ್ಳು ಅನುವಾದ. ಅದು ದಯೆಯಿಂದ ಹುಟ್ಟಿದ್ದು ಎಂದು ಆಗ ನಂಬಿದ್ದೆ. ಅವನಿಗೆ ಸಿಟ್ಟು ಬರಬೇಕಿತ್ತು. ಆ ಸಿಟ್ಟು ಅವನದು, ಅದನ್ನು ಏನು ಮಾಡಬೇಕೆಂದು ನಿರ್ಧರಿಸಬೇಕಾದವನೂ ಅವನೇ. ಬೈದು ಉತ್ತರಿಸುತ್ತಿದ್ದನೋ, ಸುಮ್ಮನಿರುತ್ತಿದ್ದನೋ, “ಹೌದು, ನಮ್ಮಮ್ಮ ತಟ್ಟುತ್ತಾಳೆ, ಅದರಿಂದಲೇ ನಾನು ಬೆಳೆದೆ” ಎನ್ನುತ್ತಿದ್ದನೋ. ನಾನು ಅವನಿಗೂ ಒಂದು ಕಮೆಂಟಿಗೆ ಮಾಡುವುದನ್ನೇ ಮಾಡಿದ್ದೆ. ಬೈದವನಿಗೆ ತಾನು ಬೈದದ್ದು ಮುಟ್ಟಿತೋ ಇಲ್ಲವೋ ತಿಳಿಯದಂತೆ, ಬೈಸಿಕೊಂಡವನಿಗೆ ತನ್ನನ್ನು ಬೈದದ್ದೇ ತಿಳಿಯದಂತೆ ನಡುವೆ ಕೂತು ಪಗಾರ ಎಣಿಸುವುದು. ಇದನ್ನು ಎರಡು ವರ್ಷ ಮಾಡಿದ್ದೆ, ಈ ಸಲ ಸಿಕ್ಕಿಬಿದ್ದೆ ಅಷ್ಟೆ. ಮತ್ತೆ ಆ ತಾಯಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಕೊಳಲು ಊದಿಸಿದವರು ನಾವು. ಆ ಹುಡುಗ ಕುಳ್ಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ, ನಾವೇ ಕೈಗೆ ಕೊಟ್ಟಿದ್ದೆವು.

ನಿಯಮ ಮೀರಿ ಆ ಅಭಿಮಾನಿಗೆ ತಂಡದ ಖಾತೆಯಿಂದ ಬರೆದೆ. ನೀವು ಬರೆದದ್ದನ್ನು ತೆಗೆದಿದ್ದೇವೆ, ಸೋತದ್ದಕ್ಕೆ ಎಷ್ಟು ಬೇಕಾದರೂ ಟೀಕಿಸಿ, ಅವರ ತಾಯಿಯ ದುಡಿಮೆಯನ್ನು ಹೀಯಾಳಿಸಿದ್ದು ಸರಿಯಲ್ಲ, ಅವರಿಗೆ ಅರ್ಥವಾಗಿ ನೋವಾಗಿದೆ ಎಂದು. ಬೇರೆ ಕೆಲವರಿಗೂ ಆ ವಾರ ಹೀಗೆ ಬರೆದಿದ್ದೆ. ಹೆಚ್ಚಿನವರು ಉತ್ತರಿಸಲಿಲ್ಲ, ಇಬ್ಬರು ನನ್ನ ತಾಯಿಯನ್ನೂ ಬೈದರು. ಇವನ ಉತ್ತರ ಮರುದಿನ ಬಂತು. ಡಿಪ್ಲೊಮಾ ಓದುತ್ತಿದ್ದ ಹುಡುಗ.

“ಸಾರಿ ರೀ ಸರ. ಸಿಟ್ಟಿನ್ಯಾಗ ಬರದೆ. ನಮ್ಮವ್ವನೂ ಕುಳ್ಳು ಬಡೀತಾಳ್ರಿ.”

ಅದರ ಹಿಂದೆಯೇ ಇನ್ನೊಂದು: “ಆದ್ರ ತಗೀಬಾರದಿತ್ತ ನೋಡ್ರಿ. ಭಾಳ ಲೈಕ್ ಬಂದಿದ್ವು.”

ಈ ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ನನಗೆ ತಿಳಿಯಲಿಲ್ಲ. ಎರಡನ್ನೂ ನಂಬಿದೆ. ಕ್ಷಮೆಯನ್ನು ನನಗೆ ಕೇಳುವುದಕ್ಕಿಂತ ಅವನಿಗೇ ಬರೆಯಪ್ಪ ಎಂದೆ. “ನಂಗ ಹಿಂದಿ ಬರೂದಿಲ್ರಿ. ನೀವ ಬರದ ಕೊಡ್ರಿ, ಕಳಸ್ತೀನಿ” ಎಂದ.

ಬರೆದುಕೊಟ್ಟೆ. ಅವನ ಅವ್ವನ ವಿಷಯವನ್ನೂ ಸೇರಿಸಿದೆ, ಲೈಕಿನ ವಿಷಯ ಬಿಡಲೇ ಎಂದು ಯೋಚಿಸಿ ಅದನ್ನೂ ಸೇರಿಸಿದೆ. ಕುಳ್ಳಿಗೆ ಹಿಂದಿಯಲ್ಲಿ ಉಪ್ಲೆ ಎನ್ನುತ್ತಾರೆ. ಅದನ್ನೇ ಬರೆದೆ. ಅವನು ಕಳಿಸಿದನೋ ಇಲ್ಲವೋ ಕೇಳಲಿಲ್ಲ. ಮುಂದಿನ ತಿಂಗಳು ಆ ಕೆಲಸ ಬಿಟ್ಟೆ.